ಕೆಂಪು ಶಾಯಿಯ ಮೂವತ್ತು ಗಂಟೆ

ಸೆಪ್ಟೆಂಬರ್ ೧, ಸೋಮವಾರ

ಮಗಳು ಬೆಳಿಗ್ಗೆ ಹತ್ತಕ್ಕೆ ಬಂದಳು. ಚಕ್ರದ ಪೆಟ್ಟಿಗೆಯನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ, ಸಮವಸ್ತ್ರದ ಹೆಗಲಪಟ್ಟಿಗಳನ್ನು ಕಳಚಿ ಹಣ್ಣಿನ ಬುಟ್ಟಿಯೊಳಗೆ ಹಾಕಿದಳು. ಅವುಗಳ ಜಾಗ ಅದಲ್ಲ ಎಂದೆ. "ಇನ್ನು ಮೇಲೆ ಅವಕ್ಕೆ ಯಾವ ಜಾಗವಾದರೂ ಒಂದೇ ಅಮ್ಮ" ಎಂದಳು.

ಹೀಗೆ ಒಗಟಿನಂತೆ ಮಾತನಾಡುವವರನ್ನು ನಾನು ತರಗತಿಯಲ್ಲಿ ಎದ್ದು ನಿಲ್ಲಿಸುತ್ತಿದ್ದೆ. ಇವಳಿಗೆ ಮೂವತ್ತನಾಲ್ಕು ವರ್ಷ. ನಿಲ್ಲಿಸಬೇಕಾಗಲಿಲ್ಲ, ತಾನಾಗಿಯೇ ನಿಂತಿದ್ದಳು; ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಿಟಕಿಗೆ ಓಡಾಡುತ್ತಲೇ ಹೇಳಿದಳು. ವಿಮಾನ ಕಂಪನಿಯೊಡನೆ ಆಕೆಯ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದಿನ ಐದು ವರ್ಷಗಳ ಕಾಗದವನ್ನು ಅವರು ಕಳುಹಿಸಿಯಾಗಿದೆ. ಹದಿನೈದನೆಯ ತಾರೀಖಿನೊಳಗೆ ಸಹಿ ಮಾಡಿದರೆ ಬರುವ ವರ್ಷ ಎಡಗಡೆಯ ಆಸನ, ಅಂದರೆ ಕ್ಯಾಪ್ಟನ್ ಪದವಿ. ಆದರೆ ಸಹಿ ಮಾಡಲು ಮನಸ್ಸಿಲ್ಲವಂತೆ.

ಕಾರಣ ಕೇಳಿದೆ. "ಹೊಟ್ಟೆ ಹಸೀತಿದೆ, ಊಟ ಆದ್ಮೇಲೆ ಹೇಳ್ತೀನಿ" ಎಂದವಳು ಊಟವಾದ ಮೇಲೆ ಮಲಗಿಬಿಟ್ಟಳು. ಪೆಟ್ಟಿಗೆ ಇನ್ನೂ ಬಾಗಿಲಲ್ಲೇ ಇದೆ. ನಾನು ಎರಡು ಸಲ ಎಡವಿದೆ.

ಸೆಪ್ಟೆಂಬರ್ ೨, ಮಂಗಳವಾರ

ಇಂದು ಕಾರಣ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು.

ಆಕೆಗೆ ಏರ್ ಆಂಬುಲೆನ್ಸ್ ಓಡಿಸಬೇಕಂತೆ. ದೂರದ ಊರುಗಳಿಂದ ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ತರುವ ವಿಮಾನ. ಮೂತಿಯಲ್ಲಿ ಪಂಖ ತಿರುಗುವಂಥದ್ದು, ಪುಟ್ಟದು, ಒಳಗೆ ಎರಡು ಸ್ಟ್ರೆಚರ್, ಒಬ್ಬ ನರ್ಸ್, ಒಬ್ಬರೇ ಪೈಲಟ್. ನೂರೆಂಬತ್ತು ಜನರನ್ನು ಕೂರಿಸಿಕೊಂಡು ಮೋಡದ ಮೇಲೆ ಹೋಗುವವಳು ಇಬ್ಬರನ್ನು ಮಲಗಿಸಿಕೊಂಡು ಮೋಡದ ಕೆಳಗೆ ಹೋಗುತ್ತಾಳಂತೆ.

"ಅಲ್ಲಿ ನಿನಗೇನು ಕಡಿಮೆಯಾಗಿದೆ?" ಎಂದೆ.

"ಅಲ್ಲಿ ನಾನು ಹಾರಿಸಲ್ಲಮ್ಮ. ಹಾರೋದನ್ನ ನೋಡ್ಕೋತೀನಿ. ಏಳೋವಾಗ ಎರಡು ನಿಮಿಷ, ಇಳಿಯೋವಾಗ ಎರಡು ನಿಮಿಷ ನನ್ನ ಕೈಲಿರತ್ತೆ. ಉಳಿದಿದ್ದೆಲ್ಲ ಯಂತ್ರದ್ದು. ಆಮೇಲೆ ಹೋಟೆಲ್ ರೂಮು. ಬೆಳಿಗ್ಗೆ ಎದ್ದು ಯಾವ ಊರು ಅಂತ ಪರದೆ ಸರಿಸಿ ನೋಡ್ಬೇಕು."

"ನಾನು ಮೂವತ್ತೆರಡು ವರ್ಷ ಒಂದೇ ಪಾಠ ಮಾಡಿದೆ. ಬೇಸರ ಎಂದು ಒಂದು ದಿನ ಹೇಳಿದ್ದೇನೆಯೇ?"

"ನೀನು ಹೇಳಲ್ಲ. ನಿನ್ನ ಪಾಠ ಕೇಳಿದವರನ್ನ ಕೇಳ್ಬೇಕು."

ಈ ಹೊತ್ತಿಗೆ ಸರಿಯಾಗಿ ನನ್ನ ತಮ್ಮ ಬಂದ. ಬಸ್ ಡಿಪೋದಲ್ಲಿ ಬಸ್ಸುಗಳು ಹೊರಟ ವೇಳೆ, ಮುಟ್ಟಿದ ವೇಳೆ ಬರೆದುಕೊಳ್ಳುತ್ತ ನಿವೃತ್ತನಾದವನು. ಎಲ್ಲರ ಮಾತನ್ನೂ ಕೇಳಿ ಎಲ್ಲರ ಪರವಾಗಿಯೂ ಮಾತನಾಡುವುದು ಅವನ ಹುಟ್ಟುಗುಣ.

"ಅಂದ್ರೆ ಎಕ್ಸ್‌ಪ್ರೆಸ್ ಬಸ್ಸು ಬಿಟ್ಟು ವ್ಯಾನು ಓಡಿಸ್ತಾಳೆ ಅಂತಾಯ್ತು" ಎಂದ. ನಾನು ತಲೆಯಾಡಿಸಿದೆ. "ಆದ್ರೂ ಅಕ್ಕ, ವ್ಯಾನಲ್ಲಿ ಸ್ಟೇರಿಂಗ್ ಅವಳ ಕೈಲೇ ಇರತ್ತಲ್ಲ" ಎಂದ. ಅವಳು ತಲೆಯಾಡಿಸಿದಳು. ಇಬ್ಬರ ಕೈಯಿಂದಲೂ ಚಹಾ ಕುಡಿದು ಹೋದ.

ಸೆಪ್ಟೆಂಬರ್ ೪, ಗುರುವಾರ

ಮಗಳು ಕೂತಲ್ಲಿ ಕೂರುವುದಿಲ್ಲ. ಫೋನಿನಲ್ಲಿ ಯಾರೊಂದಿಗೋ ಮಾತನಾಡುತ್ತ ಮನೆಯನ್ನು ಅಳೆಯುತ್ತಾಳೆ. ಆಕೆಯ ಜೊತೆ ಕಲಿತವರಲ್ಲಿ ಹಲವರು ಹೀಗೆಯೇ ಕಂಪನಿ ಬಿಟ್ಟಿದ್ದಾರೆಂದು ಇಂದು ಪಟ್ಟಿ ಕೊಟ್ಟಳು. ಒಬ್ಬ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸುತ್ತಾನೆ. ಇನ್ನೊಬ್ಬಳು ಭೂಪಟ ಮಾಡುವವರಿಗಾಗಿ ಆಕಾಶದಿಂದ ಚಿತ್ರ ತೆಗೆಯುತ್ತ ದಿನವಿಡೀ ನೇರ ಗೆರೆ ಎಳೆದಂತೆ ಹೋಗಿಬರುತ್ತಾಳೆ. ಮೂರನೆಯವನು ಕಾಡಿನ ಬೆಂಕಿಗೆ ನೀರು ಸುರಿಯುತ್ತಾನೆ. "ಅವರ ಹೆತ್ತವರು ಏನೆನ್ನುತ್ತಾರೆ?" ಎಂದೆ. "ಅವರ ಹೆತ್ತವರು ನಿವೃತ್ತ ಮೇಷ್ಟರಲ್ಲ" ಎಂದಳು.

ಎದುರುಮನೆಯಾಕೆ ಕೇಳಿದಾಗಲೆಲ್ಲ "ಮಗಳು ಬರುವ ವರ್ಷ ಕ್ಯಾಪ್ಟನ್" ಎಂದಿದ್ದೇನೆ. ಒಮ್ಮೆಯಲ್ಲ, ಆಕೆ ಕೇಳದಿದ್ದಾಗಲೂ.

ಸಂಜೆ ಮಗಳು ಹೊಸ ವಿಷಯ ತಂದಳು. ಮುಂದಿನ ಮಂಗಳವಾರ ಆಂಬುಲೆನ್ಸ್‌ನವರ ಸಂದರ್ಶನ. ಚಿಕ್ಕ ವಿಮಾನದಲ್ಲಿ ಕನಿಷ್ಠ ಇನ್ನೂರು ಗಂಟೆ ಹಾರಿದ್ದಕ್ಕೆ ದಾಖಲೆ ಬೇಕು. ಕಂಪನಿಯಲ್ಲಿ ಹಾರಿದ ಸಾವಿರಾರು ಗಂಟೆ ದೊಡ್ಡ ವಿಮಾನದ್ದು, ಅದು ಇದಕ್ಕೆ ಲೆಕ್ಕವಿಲ್ಲ. ಕಲಿಯುವ ಕಾಲದ ಮೊದಲನೆಯ ಲಾಗ್‌ಬುಕ್ ಬೇಕು. "ನಿನ್ನ ಬೀರುವಿನಲ್ಲಿದೆ ಅಲ್ವಾ? ನೀನು ಯಾವುದನ್ನೂ ಎಸೆಯಲ್ಲ."

ಹುಡುಕುತ್ತೇನೆ ಎಂದೆ. ಹುಡುಕಬೇಕಾಗಿಯೇ ಇಲ್ಲ. ಎರಡನೆಯ ಅರೆಯಲ್ಲಿ, ಆಕೆಯ ಅಂಕಪಟ್ಟಿಗಳ ಕೆಳಗೆ ಇದೆ.

ಸೆಪ್ಟೆಂಬರ್ ೫, ಶುಕ್ರವಾರ

ಮಗಳು ಕೆಲಸದ ಮೇಲೆ ಹೋದಳು, ಭಾನುವಾರ ಬರುತ್ತಾಳೆ. ಲಾಗ್‌ಬುಕ್ ತೆಗೆದೆ. ಮೂಲೆಗಳು ಮುದುಡಿವೆ, ರಟ್ಟಿಗೆ ಎಣ್ಣೆಯ ಕಲೆ. ಹೀಗೆಯೇ ಕೊಟ್ಟರೆ ನೋಡಿದವರು ನನ್ನ ಬಗ್ಗೆ ಏನೆಂದುಕೊಂಡಾರು? ಹೊದಿಕೆ ಹಾಕುವ ಮುನ್ನ ಪುಟಗಳನ್ನು ತಿರುವಿದೆ. ಒಂದೊಂದು ಸಾಲಿಗೆ ಒಂದು ಹಾರಾಟ, ಸಾಲಿನ ತುದಿಯಲ್ಲಿ ಎಷ್ಟು ಹೊತ್ತು ಹಾರಿದ್ದು ಎಂಬ ಅಂಕಿ, ಪುಟದ ಕೆಳಗೆ ಮೊತ್ತ.

ಅಭ್ಯಾಸಬಲದಿಂದ ಒಂದು ಮೊತ್ತವನ್ನು ಕೂಡಿ ನೋಡಿದೆ. ೦.೫೦, ೧.೧೦, ೦.೪೫, ೧.೨೦. ನನಗೆ ೩.೬೫ ಬಂತು. ಆಕೆ ೪.೦೫ ಎಂದು ಬರೆದಿದ್ದಾಳೆ.

ಇನ್ನೊಮ್ಮೆ ಕೂಡಿದೆ. ೩.೬೫ ಬಂತು.

ಮುಂದಿನ ಪುಟ. ಅಲ್ಲಿಯೂ ಹೆಚ್ಚು ಬರೆದಿದ್ದಾಳೆ.

ಸೆಪ್ಟೆಂಬರ್ ೬, ಶನಿವಾರ

ಇಡೀ ಪುಸ್ತಕ ಕೂಡಿದೆ. ಇಪ್ಪತ್ತೊಂದು ಪುಟಗಳು. ತಪ್ಪೆಂದರೆ ಒಮ್ಮೆ ಹೆಚ್ಚಾಗಬೇಕು, ಒಮ್ಮೆ ಕಡಿಮೆಯಾಗಬೇಕು. ಇಲ್ಲಿ ಒಂದೊಂದು ಪುಟದಲ್ಲಿಯೂ ಹೆಚ್ಚೇ. ಕೊನೆಯಲ್ಲಿ ಆಕೆಯ ಮೊತ್ತ ೨೧೪.೨೦. ನನ್ನದು ೧೮೪.೨೦. ಸರಿಯಾಗಿ ಮೂವತ್ತು ಗಂಟೆ.

ಆಗ ಆಕೆಗೆ ಹತ್ತೊಂಬತ್ತು, ಇಪ್ಪತ್ತು ವರ್ಷ. ಪರವಾನಗಿಗೆ ಗಂಟೆಗಳು ಸಾಲದೆ ಬಂದಿರಬೇಕು. ಜೊತೆಯವರು ಹೇಳಿಕೊಟ್ಟಿರಬೇಕು. ಶಾಲೆಯಲ್ಲಿ ಅಂಕಪಟ್ಟಿ ತಿದ್ದಿದ ಮಕ್ಕಳನ್ನು ಎಷ್ಟೋ ಕಂಡಿದ್ದೇನೆ. ಯಾರೂ ಕೆಟ್ಟ ಮಕ್ಕಳಾಗಿರಲಿಲ್ಲ. ಅವರ ತಾಯಂದಿರಿಗೆ "ನೀವು ಮನೆಯಲ್ಲಿ ಗಮನಿಸಬೇಕಿತ್ತು" ಎಂದು ಹೇಳಿ ಕಳುಹಿಸುತ್ತಿದ್ದೆ.

ಇದನ್ನು ಹೀಗೆಯೇ ಕೊಟ್ಟು, ಅಲ್ಲಿ ಲೆಕ್ಕ ಬಲ್ಲವರೊಬ್ಬರು ಕೂಡಿ ನೋಡಿದರೆ? ಕಳ್ಳಿ ಎನ್ನುತ್ತಾರೆ. ಕೇಳಿದರೆ ಆಕೆ ಅಳಬಹುದು, ಅಥವಾ ಇನ್ನೊಂದು ಸುಳ್ಳು ಹೇಳಬಹುದು. ಎರಡನ್ನೂ ನಾನು ನೋಡಲಾರೆ.

ಮಧ್ಯಾಹ್ನ ಕೆಂಪು ಪೆನ್ನು ತೆಗೆದುಕೊಂಡು ಪ್ರತಿ ಪುಟದ ಮೊತ್ತವನ್ನು ಹೊಡೆದು ಸರಿಯಾದದ್ದನ್ನು ಬರೆದೆ. ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ದಾರ ಕಟ್ಟಿ ಇಟ್ಟೆ. ಇನ್ನೂರಕ್ಕಿಂತ ಕಡಿಮೆಯಾಯಿತು, ನಿಜ. ಪ್ರಾಮಾಣಿಕವಾಗಿ ಕಡಿಮೆಯಾಗುವುದರಲ್ಲಿ ಅವಮಾನವಿಲ್ಲ. ಕಂಪನಿಯ ಕೆಲಸ ಹೇಗೂ ಇದ್ದೇ ಇದೆ.

ಸೆಪ್ಟೆಂಬರ್ ೮, ಸೋಮವಾರ

ಕಟ್ಟನ್ನು ಕೊಟ್ಟೆ. "ಅಯ್ಯೋ, ಮದುವೆ ಉಡುಗೊರೆ ಥರ ಕಟ್ಟಿದ್ದೀಯಲ್ಲ" ಎಂದು ನಗುತ್ತ ಹಾಗೆಯೇ ಚೀಲದಲ್ಲಿಟ್ಟುಕೊಂಡಳು. ಬಿಚ್ಚಲಿಲ್ಲ. ಬಿಚ್ಚಿ ನೋಡು ಎಂದು ನಾನೂ ಹೇಳಲಿಲ್ಲ.

ಕಿಟಕಿಗಳ ಗಾಜು ಒರೆಸಿದೆ. ನಿನ್ನೆಯೂ ಒರೆಸಿದ್ದೆ.

ಸೆಪ್ಟೆಂಬರ್ ೯, ಮಂಗಳವಾರ

ಒಂದು ಗಂಟೆಗೆ ಹಿಂದಿರುಗಿದಳು. ಚಪ್ಪಲಿಯನ್ನು ಜೋಡಿಸಿಟ್ಟಳು, ಎಂದೂ ಜೋಡಿಸಿಡುವವಳಲ್ಲ. ಲಾಗ್‌ಬುಕ್ಕನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ನನ್ನ ಎದುರು ಕೂತಳು. ಇಷ್ಟು ದಿನಗಳಲ್ಲಿ ಆಕೆ ಕೂತದ್ದು ಇದೇ ಮೊದಲು.

"ಅಮ್ಮ, ನಾನು ಸುಳ್ಳು ಗಂಟೆ ಬರೆದಿದ್ದೆ ಅಂದ್ಕೊಂಡ್ಯಾ?"

ಕೂಡಿ ನೋಡಿದೆ ಎಂದೆ. ಲೆಕ್ಕ ತಾಳೆಯಾಗಲಿಲ್ಲ ಎಂದೆ. ಅಂಕಿಗೆ ತಾಯಿ, ಮಗಳು ಎಂಬ ಭೇದವಿಲ್ಲ ಎಂದೂ ಹೇಳಿದೆನೆಂದು ತೋರುತ್ತದೆ.

"ಕೇಳ್ಬಹುದಿತ್ತಲ್ಲ."

"ಕೇಳಿದರೆ ಏನು ಹೇಳುತ್ತಿದ್ದೆ?"

ಆಕೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಸಂದರ್ಶನದಲ್ಲಿ ನಡೆದದ್ದನ್ನು ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು. ಅಲ್ಲಿಯ ಮುಖ್ಯ ಪೈಲಟ್ ಪುಸ್ತಕ ಬಿಚ್ಚಿದರಂತೆ. ಲಾಗ್‌ಬುಕ್ಕಿನಲ್ಲಿ ಬೇರೆಯವರ ಕೈ ಆಡುವಂತಿಲ್ಲ; ಆಡಿದರೆ ಇಡೀ ಪುಸ್ತಕವೇ ಅನುಮಾನಕ್ಕೆ ಒಳಗಾಗುತ್ತದೆ. ಇದು ಯಾರ ಅಕ್ಷರ ಎಂದು ಮೂರು ಸಲ ಕೇಳಿದರಂತೆ. ನನ್ನದಲ್ಲ ಎಂದಷ್ಟೇ ಹೇಳಿದಳಂತೆ. ಶುಕ್ರವಾರದೊಳಗೆ ವಿವರಣೆ ಬರದಿದ್ದರೆ ಕೆಲಸ ಮುಂದಿನ ಅಭ್ಯರ್ಥಿಗೆ.

"ಅಮ್ಮನ ಅಕ್ಷರವೆಂದು ಹೇಳಬಹುದಿತ್ತು" ಎಂದೆ.

"ಏನಂತ ಹೇಳ್ಲಿ? ನಮ್ಮಮ್ಮ ನನ್ನನ್ನ ನಂಬಲ್ಲ ಅಂತಾನಾ?"

ಎದ್ದು ಪೆಟ್ಟಿಗೆ ತುಂಬಿಕೊಳ್ಳತೊಡಗಿದಳು. ನಾಳೆಯಿಂದ ನಾಲ್ಕು ದಿನ ಕಂಪನಿಯ ಕೆಲಸ. "ಬಿಡು. ಹದಿನೈದಕ್ಕೆ ಅಲ್ಲೇ ಸಹಿ ಹಾಕ್ತೀನಿ. ನೀನು ಗೆದ್ದೆ." ಲೆಕ್ಕದಲ್ಲಿ ತಪ್ಪು ಎಲ್ಲಿದೆ, ಅದನ್ನಾದರೂ ತೋರಿಸು ಎಂದೆ. ಬಾಗಿಲಲ್ಲಿ ನಿಂತು, "ಮಾಮನ್ನ ಕೇಳು" ಎಂದಳು.

ಸೆಪ್ಟೆಂಬರ್ ೧೦, ಬುಧವಾರ

ಲಾಗ್‌ಬುಕ್ ಹಿಡಿದುಕೊಂಡು ತಮ್ಮನ ಮನೆಗೆ ಹೋದೆ. ಏಳನೆಯ ತರಗತಿಯಲ್ಲಿ ಎರಡು ಸಲ ಕುಳಿತವನು. ಅವನಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು.

ಕನ್ನಡಕ ಏರಿಸಿ ಪುಟ ನೋಡಿದ. ಬೆರಳು ಸಾಲಿನ ಮೇಲಿಂದ ಕೆಳಗೆ ಜಾರಿತು. "ನಾಲ್ಕು ಗಂಟೆ ಐದು ನಿಮಿಷ. ಸರಿ ಇದೆಯಲ್ಲ. ಈ ಕೆಂಪಲ್ಲಿ ಯಾರು ಗೀಚಿದ್ದು?" ಎಂದ.

"ಮೂರು ಬಿಂದು ಆರು ಐದು ಬರುತ್ತದೆ. ಸರಿಯಾಗಿ ಕೂಡು."

"ಅಕ್ಕ, ಇದು ಟೈಮು. ಚುಕ್ಕಿ ಆಚೆ ಇರೋದು ನಿಮಿಷ. ಅರವತ್ತಾದ್ರೆ ಒಂದು ಗಂಟೆ ಈಚೆ ಬರ್ಬೇಕು. ನೀನು ನೂರಕ್ಕೆ ತಂದಿದ್ದೀಯ." ನಕ್ಕುಬಿಟ್ಟ. "ನಮ್ ಡಿಪೋದಲ್ಲಿ ಹೀಗೆ ಕೂಡಿದ್ರೆ ಡ್ರೈವರ್‌ಗಳು ನನ್ನನ್ನ ಬಸ್ಸಿನ ಮುಂದೆ ಕಟ್ಟಿ ಹಾಕ್ತಿದ್ರು."

ನನ್ನ ಮುಖ ನೋಡಿ ನಗು ನಿಲ್ಲಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೋಗ್ಲಿ ಬಿಡಕ್ಕ, ಯಾರಿಗಾದ್ರೂ ಆಗತ್ತೆ" ಎಂದು ನೀರು ತಂದುಕೊಟ್ಟ.

ಒಂದೊಂದು ಪುಟವನ್ನೂ ಅವನ ಮುಂದೆಯೇ ಮತ್ತೆ ಕೂಡಿದೆ. ಇಪ್ಪತ್ತೊಂದೂ ಸರಿ. ಆ ಹುಡುಗಿ ಒಂದು ನಿಮಿಷವನ್ನೂ ಹೆಚ್ಚು ಬರೆದಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಏನೂ ಆಗಿಲ್ಲ. ಆಕೆ ಕಂಪನಿಯಲ್ಲಿಯೇ ಉಳಿಯುತ್ತಾಳೆ, ಕ್ಯಾಪ್ಟನ್ ಆಗುತ್ತಾಳೆ. ನಾನು ಬಯಸಿದ್ದೂ ಅದನ್ನೇ.

ಪುಸ್ತಕದ ಕಪಾಟನ್ನು ಖಾಲಿ ಮಾಡಿ ಮತ್ತೆ ಜೋಡಿಸಿದೆ. ಎದುರುಮನೆಯಾಕೆ ಮಗಳ ವಿಷಯ ಕೇಳಿದಳು. ಹಾಲು ಉಕ್ಕುತ್ತಿದೆ ಎಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಸಂಜೆ ವಿವರಣೆಯ ಕಾಗದ ಬರೆಯಲು ಕೂತೆ. "ಅಚಾತುರ್ಯದಿಂದ" ಎಂದು ಆರಂಭಿಸಿದೆ, ಹರಿದೆ. "ಮಗಳ ಹಿತದೃಷ್ಟಿಯಿಂದ" ಎಂದು ಬರೆದೆ, ಅದನ್ನೂ ಹರಿದೆ. "ವಯೋಸಹಜವಾದ" ಎಂಬಲ್ಲಿಗೆ ನನಗೇ ನಾಚಿಕೆಯಾಯಿತು. ಕೊನೆಗೆ ಉಳಿದದ್ದು ಇಷ್ಟು: "ಕೆಂಪು ಅಂಕಿಗಳನ್ನು ಬರೆದವಳು ನಾನು. ಗಂಟೆ, ನಿಮಿಷಗಳನ್ನು ಕೂಡಲು ನನಗೆ ತಿಳಿಯಲಿಲ್ಲ. ನನ್ನ ಮಗಳ ಲೆಕ್ಕ ಸರಿಯಾಗಿದೆ. ಅವಳನ್ನು ಕೇಳದೆ, ಅವಳು ಸುಳ್ಳು ಬರೆದಿದ್ದಾಳೆಂದು ನಂಬಿದೆ."

ಕೊನೆಯ ವಾಕ್ಯ ಅವರಿಗೆ ಬೇಕಾಗಿಲ್ಲ. ಆದರೂ ಇರಲಿ.

ಸೆಪ್ಟೆಂಬರ್ ೧೨, ಶುಕ್ರವಾರ

ತಮ್ಮನನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಆಂಬುಲೆನ್ಸ್‌ನವರ ಹ್ಯಾಂಗರ್‌ಗೆ ಹೋದೆ. ದೊಡ್ಡ ನಿಲ್ದಾಣದ ಗಾಜಿನ ಕಟ್ಟಡವನ್ನು ದಾಟಿ, ಹಿಂಬದಿಯ ಬೇಲಿಯ ಪಕ್ಕದಲ್ಲಿ ತಗಡಿನ ಸೂರು. ಒಳಗೆ ಬಿಳಿಯ ಪುಟ್ಟ ವಿಮಾನ. ಬಾಗಿಲು ಮಾತ್ರ ಮೈಗೆ ಮೀರಿ ಅಗಲ. ನರ್ಸ್ ಒಬ್ಬಳು ಅದರ ಮೆಟ್ಟಿಲ ಮೇಲೆ ಕೂತು ಔಷಧಿಯ ಚೀಲವನ್ನು ಪಟ್ಟಿಯೊಡನೆ ತಾಳೆ ನೋಡುತ್ತಿದ್ದಳು.

ಮುಖ್ಯ ಪೈಲಟ್‌ಗೆ ಐವತ್ತರ ಹತ್ತಿರ. ಅಂಗಿಯ ತೋಳು ಮಡಚಿದ್ದರು. ನನ್ನ ಕಾಗದವನ್ನು ನಿಂತೇ ಓದಿದರು. ಮತ್ತೆ ಓದಿದರು.

"ಟೀಚರ್ ಆಗಿದ್ರಾ ಮೇಡಂ?"

"ಹೌದು. ಭಾಷೆ ಕಲಿಸುತ್ತಿದ್ದೆ. ಲೆಕ್ಕವಲ್ಲ."

"ಅದು ಗೊತ್ತಾಯ್ತು" ಎಂದರು. ಆಮೇಲೆ ಕುರ್ಚಿ ತೋರಿಸಿದರು. "ನಿಮ್ಮ ಮಗಳು ಯಾರ ಅಕ್ಷರ ಅಂತ ಬಾಯಿ ಬಿಡಲಿಲ್ಲ. ನನಗೆ ಅನುಮಾನ ಬಂದಿದ್ದೇ ಅದಕ್ಕೆ. ಇಲ್ಲಿ ಕೆಲಸ ಮಾಡೋರು ಏನನ್ನೂ ಮುಚ್ಚಿಡಬಾರದು."

"ಆಕೆ ತನ್ನ ತಪ್ಪನ್ನು ಮುಚ್ಚಿಡಲಿಲ್ಲ" ಎಂದೆ. "ನನ್ನದನ್ನು ಮುಚ್ಚಿಟ್ಟಳು."

ಅವರು ನಾನು ತಂದಿದ್ದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಅಲ್ಲಿಯ ಪದ್ಧತಿ ಹೇಳಿದರು. ತಪ್ಪನ್ನು ಅಳಿಸಬಾರದು, ಬಣ್ಣ ಬಳಿದು ಮುಚ್ಚಬಾರದು, ಪುಟ ಹರಿಯಬಾರದು. ಒಂದೇ ಒಂದು ಗೆರೆ ಎಳೆಯಬೇಕು; ಗೆರೆಯ ಕೆಳಗೆ ತಪ್ಪು ಓದಲು ಸಿಗಬೇಕು. ಪಕ್ಕದಲ್ಲಿ ಸರಿಯಾದ ಮೊತ್ತ, ತಪ್ಪು ಮಾಡಿದವರ ಸಹಿ, ತಾರೀಖು. "ಒಂದು ಕಾಗದದಲ್ಲಿ ಒಟ್ಟಿಗೆ ಬರೆದುಕೊಟ್ಟರೆ ಸಾಲದೇ?" ಎಂದೆ. "ಇಪ್ಪತ್ತೊಂದು ಕಡೆ ಬರೆದಿದ್ದೀರಿ, ಇಪ್ಪತ್ತೊಂದು ಕಡೆ ಸಹಿ ಬೇಕು ಮೇಡಂ" ಎಂದರು.

ಆರನೆಯ ಪುಟದಲ್ಲಿದ್ದೆ, ಗೋಡೆಯ ಫೋನು ರಿಂಗಣಿಸಿತು. ಎಲ್ಲೋ ಹೆರಿಗೆ ಕಷ್ಟವಾಗಿತ್ತು. ಯಾರೂ ಓಡಲಿಲ್ಲ, ಯಾರೂ ಕೂಗಲಿಲ್ಲ. ಅವರು ಒಂದೊಂದಾಗಿ ಹೇಳುತ್ತ ಹೋದರು, ನರ್ಸ್ ಒಂದೊಂದಕ್ಕೂ "ಇದೆ" ಎನ್ನುತ್ತ ಬಂದಳು. ನನ್ನನ್ನು, ನನ್ನ ತಮ್ಮನನ್ನು, ಕಚೇರಿಯ ಎಲ್ಲ ಪುಸ್ತಕಗಳನ್ನು ಹಾಗೆಯೇ ಬಿಟ್ಟು, "ನೀವು ಮುಂದುವರಿಸಿ" ಎಂದು ಹೊರಟುಹೋದರು. ಪರಿಚಯವಿಲ್ಲದವರನ್ನು ದಾಖಲೆಗಳ ಜೊತೆ ಹೀಗೆ ಬಿಟ್ಟು ಹೋಗುವುದು ನನ್ನ ಶಾಲೆಯಲ್ಲಿ ನಡೆಯುತ್ತಿರಲಿಲ್ಲ.

ಕಿಟಕಿಯಿಂದ ನೋಡಿದೆ. ವಿಮಾನ ಓಡಿತು, ಎದ್ದಿತು, ಬೇಲಿಯ ಮೇಲೆ ಸ್ವಲ್ಪ ಓಲಾಡಿ ನೆಟ್ಟಗಾಯಿತು. "ಹನ್ನೊಂದು ನಿಮಿಷ" ಎಂದ ತಮ್ಮ, ಕೈಗಡಿಯಾರ ನೋಡಿ. "ಫೋನ್ ಬಂದು ಹನ್ನೊಂದೇ ನಿಮಿಷ ಅಕ್ಕ. ನಮ್ ಡಿಪೋದಲ್ಲಿ ಡ್ರೈವರ್ ಚಹಾ ಮುಗಿಸೋದಕ್ಕೇ ಇಪ್ಪತ್ತು."

ಹಿಂದಿರುಗಿದಾಗ ಅವರ ಅಂಗಿ ಬೆವರಿನಿಂದ ನೆನೆದಿತ್ತು. ತಾಯಿ, ಮಗು ಇಬ್ಬರೂ ಆಸ್ಪತ್ರೆ ಸೇರಿದ್ದರು. ಮಗು ವಿಮಾನದಲ್ಲಿಯೇ ಹುಟ್ಟಿತಂತೆ. ಇಪ್ಪತ್ತೊಂದೂ ಪುಟ ನೋಡಿ, "ಈಗ ಪುಸ್ತಕದ ಒಡತಿ ಪ್ರತಿ ಗೆರೆಗೂ ಸಹಿ ಮಾಡ್ಬೇಕು. ಸೋಮವಾರ ಬೆಳಿಗ್ಗೆ ಅವರೇ ತರ್ಲಿ. ಬರೋ ಮನಸ್ಸಿದ್ರೆ" ಎಂದರು.

ಸೆಪ್ಟೆಂಬರ್ ೧೩, ಶನಿವಾರ

ಸಂಜೆ ಬಂದಳು. ಪುಸ್ತಕ ಮೇಜಿನ ಮೇಲಿತ್ತು. ಹೇಳಬೇಕೆಂದು ಮೂರು ವಾಕ್ಯ ಸಿದ್ಧಪಡಿಸಿದ್ದೆ, ಒಂದನ್ನೂ ಬಳಸದೆ ಚಹಾಕ್ಕೆ ನೀರಿಟ್ಟೆ.

ಕೈಕಾಲು ತೊಳೆದು ಬಂದು ಪುಟ ತೆರೆದಳು. ಬಹಳ ಹೊತ್ತು ನೋಡಿದಳು. "ಅಲ್ಲಿಗೆ ಹೋಗಿದ್ಯಾ?" ಎಂದಳು. ಹೌದು ಎಂದೆ. "ಬಸ್ಸಲ್ಲಾ?" ಹೌದು. "ಎರಡು ಬಸ್ಸು ಬದಲಾಯಿಸ್ಬೇಕಲ್ಲ." ಹೌದು. ತಲೆನೋವೆಂದು ಒಳಗೆ ಹೋದಳು. ಆಕೆಯ ಕೋಣೆಯಲ್ಲಿ ಹೆಜ್ಜೆಯ ಸದ್ದು ಕೇಳುತ್ತಲೇ ಇತ್ತು, ಕಿಟಕಿಯವರೆಗೆ ಹೋಗಿ, ತಿರುಗಿ ಬಂದು.

ಸೆಪ್ಟೆಂಬರ್ ೧೪, ಭಾನುವಾರ

ತಿಂಡಿಯಾದ ಮೇಲೆ ಪೆನ್ನು ಕೇಳಿದಳು. ಕಂಪನಿಯ ಒಪ್ಪಂದಕ್ಕೋ ಲಾಗ್‌ಬುಕ್ಕಿಗೋ ಎಂದು ಕೇಳಲಿಲ್ಲ. ಕೇಳುವ ಹಕ್ಕನ್ನು ಮೊನ್ನೆಯೇ ಕಳೆದುಕೊಂಡೆ. ಪೆನ್ನು ಕೊಟ್ಟು ಎದ್ದು ಹೋಗುತ್ತಿದ್ದೆ. "ಕೂತ್ಕೋ, ಪುಟ ತಿರುವು" ಎಂದಳು.

ಮೊದಲನೆಯ ಪುಟಕ್ಕೆ ಸಹಿ ಮಾಡಿದಳು. ಎರಡನೆಯದಕ್ಕೂ. ಒಪ್ಪಂದದ ಲಕೋಟೆ ಪಕ್ಕದಲ್ಲಿಯೇ ಇತ್ತು. ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡಿದ್ದಳು. ಒಂದು ಗಂಟೆಯಲ್ಲಿ ಮುಗಿಸಿ ನಾಳೆ ಬೆಳಿಗ್ಗೆ ಎಂಟಕ್ಕೆ ಹ್ಯಾಂಗರ್‌ಗೆ ಹೋಗುತ್ತೇನೆ ಎಂದಳು.

ಮೂರನೆಯ ಪುಟದಲ್ಲಿ, ಅಂಕಿಗಳ ಎಡಗಡೆ, ಒಂದು ಸಾಲಿನಲ್ಲಿ "ಒಬ್ಬಳೇ" ಎಂದು ಬರೆದಿತ್ತು. ಮುಂದೆ ೦.೧೫. ಈ ಪುಟವನ್ನು ನಾನು ಮೂರು ಸಲ ಕೂಡಿದ್ದೇನೆ. ಆ ಪದವನ್ನು ಓದಿಯೇ ಇರಲಿಲ್ಲ.

"ಇದೇನು?"

"ಮೊದಲನೇ ಸಲ ಒಬ್ಬಳೇ ಹಾರಿದ್ದು. ಮೇಷ್ಟರು ಇಳಿದು, ಹೋಗು ಅಂದ್ರು. ಒಂದು ಸುತ್ತು. ಅವತ್ತು ಸಂಜೆ ನಿಂಗೆ ಫೋನ್ ಮಾಡಿದ್ದೆ."

"ನಾನು ಏನೆಂದೆ?"

"ಉತ್ತರಪತ್ರಿಕೆ ತಿದ್ತಾ ಇದ್ದೀನಿ, ಆಮೇಲೆ ಮಾಡು ಅಂದೆ."

"ಮಾಡಿದೆಯಾ?"

"ಇಲ್ಲ."

ಪೆನ್ನನ್ನು ಆಕೆಯ ಕೈಯಿಂದ ತೆಗೆದು ಕೆಳಗಿಟ್ಟೆ. "ಈಗ ಹೇಳು" ಎಂದೆ.

ಮೊದಮೊದಲು "ಅಯ್ಯೋ, ಅದೆಲ್ಲ ಹಳೇದು" ಎಂದಳು. ಆಮೇಲೆ ಪಕ್ಕದ ಖಾಲಿ ಆಸನದ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ್ದನ್ನು ಹೇಳಿದಳು. ಮೇಷ್ಟರ ತೂಕವಿಲ್ಲದೆ ವಿಮಾನ ಹೇಗೆ ತಾನು ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತೆಂದು ಅಂಗೈಯಿಂದ ತೋರಿಸಿದಳು. ಮೇಲೆ ಹೋದ ಮೇಲೆ ತಾನು ಗಟ್ಟಿಯಾಗಿ ಮಾತನಾಡುತ್ತಿರುವುದು ತನಗೇ ಕೇಳಿಸಿತಂತೆ. ಏನು ಮಾತನಾಡಿದೆ ಎಂಬುದು ಇಂದಿಗೂ ನೆನಪಿಲ್ಲವಂತೆ. ಚಹಾ ಆರಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಹದಿನೈದು ನಿಮಿಷದ ಹಾರಾಟವನ್ನು ಹೇಳಿ ಮುಗಿಸಲು ಆಕೆಗೆ ಮುಕ್ಕಾಲು ಗಂಟೆ ಹಿಡಿಯಿತು.

ಇನ್ನೂ ಹದಿನೆಂಟು ಪುಟಗಳು ಉಳಿದಿದ್ದವು. ಮುಂದಿನ ಪುಟದ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು, ಇದು ಯಾವುದು ಎಂದು ಕೇಳಿದೆ.